ದೊಡ್ಡವರಿಗೆ ಎಡಿಎಚ್‌ಡಿ ತಪಾಸಣೆ: ಸರ್ಕಾರಿ ಆಸ್ಪತ್ರೆಯಲ್ಲಿ ನಿಮ್ಮ ಅನುಭವ ಏನು?

ಕೇಳಿದವರು: ನನಗೆ 36 ವರ್ಷ. ತಮ್ಮನ ಮಗನಿಗೆ ಎಡಿಎಚ್‌ಡಿ (ಗಮನ ಕೊರತೆ, ಅತಿ ಚಡಪಡಿಕೆಯ ತೊಂದರೆ) ಇದೆಯೆಂದು ವೈದ್ಯರು ವಿವರಿಸುತ್ತಿದ್ದಾಗ, ನನ್ನ ಬಾಲ್ಯವನ್ನೇ ಯಾರೋ ಓದಿ ಹೇಳಿದಂತಾಯಿತು. ಸರ್ಕಾರಿ ಆಸ್ಪತ್ರೆಗೆ ಹೋದೆ. ‘ಅದು ಮಕ್ಕಳಿಗೆ ಬರುವುದು’ ಎಂದು ಹೇಳಿ ನಿದ್ರೆ ಮಾತ್ರೆ ಬರೆದುಕೊಟ್ಟರು. ಖಾಸಗಿಯಾಗಿ ತೋರಿಸುವಷ್ಟು ಹಣವಿಲ್ಲ. ಇದೇ ದಾರಿಯಲ್ಲಿ ಹೋದವರು ದಯವಿಟ್ಟು ತಿಳಿಸಿ.

41ನೇ ವಯಸ್ಸಿನಲ್ಲಿ ಗೊತ್ತಾದವರು: ನನಗೆ ಮೂರನೆಯ ಸಲ ಬಾಗಿಲು ತೆರೆಯಿತು. ಮೊದಲೆರಡು ಸಲ ‘ಗಮನ ನಿಲ್ಲುವುದಿಲ್ಲ, ಮರೆವು ಜಾಸ್ತಿ’ ಎಂದಷ್ಟೇ ಹೇಳಿದ್ದೆ. ಆ ಮಾತನ್ನು ದಣಿದ ಯಾರು ಬೇಕಾದರೂ ಹೇಳುತ್ತಾರೆ. ಮೂರನೆಯ ಸಲ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋದೆ. ಕಟ್ಟಲು ಹಣವಿದ್ದೂ ದಂಡ ತೆತ್ತ ಬಿಲ್ಲುಗಳು, ಅರ್ಧಕ್ಕೆ ಬಿಟ್ಟ ಎರಡು ಕೋರ್ಸುಗಳು, ತಡವಾಗಿ ಹೋಗಿ ಕಳೆದುಕೊಂಡ ಕೆಲಸ, ಒಲೆಯ ಮೇಲಿಟ್ಟು ಮರೆತ ಪಾತ್ರೆ. ಹಾಳೆಯ ಇನ್ನೊಂದು ಬದಿಯಲ್ಲಿ ಅಮ್ಮ ಹೇಳಿದ ಬಾಲ್ಯದ ಸಂಗತಿಗಳು.

ಆ ಎರಡನೆಯ ಬದಿಯೇ ಮುಖ್ಯ. ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಹಲವು ಲಕ್ಷಣಗಳು 12 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು. ಹಿಂದಿನ ಆವೃತ್ತಿಯಲ್ಲಿ ಈ ಗಡಿ 7 ವರ್ಷವಾಗಿತ್ತು. ಗಮನ ಕೊರತೆಯ ಪಟ್ಟಿಯಲ್ಲಿ 9, ಚಡಪಡಿಕೆ-ದುಡುಕಿನ ಪಟ್ಟಿಯಲ್ಲಿ 9 ಲಕ್ಷಣಗಳಿವೆ. ಯಾವುದಾದರೂ ಒಂದು ಪಟ್ಟಿಯಲ್ಲಿ ಮಕ್ಕಳಿಗೆ 6 ಇರಬೇಕು, 17 ವರ್ಷ ತುಂಬಿದವರಿಗೆ 5 ಸಾಕು. ದೊಡ್ಡವರಿಗೆಂದೇ ಬೇರೆ ಸಂಖ್ಯೆ ಕೊಟ್ಟಿರುವಾಗ ‘ಮಕ್ಕಳಿಗೆ ಮಾತ್ರ’ ಎಂಬ ಮಾತು ನಿಲ್ಲುವುದಿಲ್ಲ. ಇದನ್ನು ಜಗಳವಾಡದೆ, ವಿನಯದಿಂದ ಕೇಳಿ: ‘ಸಾಧ್ಯತೆ ಇಲ್ಲವೆಂದು ತೀರ್ಮಾನಿಸುವ ಮೊದಲು ಮನೋವೈದ್ಯರಿಗೆ ಒಂದು ಶಿಫಾರಸು ಚೀಟಿ ಕೊಡುತ್ತೀರಾ?’ ನನಗೆ ಕೊಟ್ಟರು. ಸರದಿ ಬರಲು ಏಳು ತಿಂಗಳು ಹಿಡಿಯಿತು, ಆದರೆ ಬಂತು.

ಹೊರರೋಗಿ ವಿಭಾಗದ ದಾದಿ: ಮೇಜಿನ ಈ ಬದಿಯಿಂದಲೂ ಒಂದು ಮಾತು. ವೈದ್ಯರಿಗೆ ಮನಸ್ಸಿಲ್ಲವೆಂದಲ್ಲ. ರಕ್ತ ಪರೀಕ್ಷೆಯಿಂದಾಗಲಿ ಸ್ಕ್ಯಾನಿನಿಂದಾಗಲಿ ಎಡಿಎಚ್‌ಡಿಯನ್ನು ಖಚಿತಪಡಿಸಲು ಬರುವುದಿಲ್ಲ; ಕೂರಿಸಿ ಮಾತನಾಡಿಸಬೇಕು. ಸರಿಯಾಗಿ ಕೇಳಿದರೆ ಒಂದು ಗಂಟೆ ಬೇಕು. ನಮ್ಮಲ್ಲಿ ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ.

ಹಾಗಾಗಿ ಆ ಗಂಟೆಯನ್ನು ಹಂಚಿಕೊಳ್ಳಬೇಕೆಂದು ನಾನು ಮೇಲಧಿಕಾರಿಗಳಿಗೆ ಹೇಳುತ್ತಲೇ ಇದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ರೂಪುಗೊಂಡ, ದೊಡ್ಡವರು ತಾವೇ ತುಂಬುವ ಎಎಸ್‌ಆರ್‌ಎಸ್ ಎಂಬ ಎಡಿಎಚ್‌ಡಿ ಪ್ರಶ್ನಾವಳಿಯಲ್ಲಿ 18 ಪ್ರಶ್ನೆಗಳಿವೆ, ಮೊದಲ ಜರಡಿಗೆ 6 ಸಾಕು. ಕಾಯುವ ಬೆಂಚಿನಲ್ಲೇ ತುಂಬಿಸಬಹುದು. ಅದು ರೋಗನಿರ್ಣಯವಲ್ಲ, ಯಾರನ್ನು ಮುಂದಕ್ಕೆ ಕಳಿಸಬೇಕೆಂದು ತಿಳಿಯುವ ದಾರಿ ಅಷ್ಟೇ. ಬಾಲ್ಯದ ವಿವರ ಬರೆದುಕೊಳ್ಳುವುದು, ರಕ್ತದೊತ್ತಡ ಮತ್ತು ನಾಡಿ ನೋಡುವುದು ನಮ್ಮಂಥವರ ಕೈಯಲ್ಲೂ ಆಗುವ ಕೆಲಸ. ತಜ್ಞರು ನಿರ್ಣಯಿಸಿ ಔಷಧದ ಪ್ರಮಾಣ ಹೊಂದಿಸಿಕೊಟ್ಟ ಮೇಲೆ ಮುಂದಿನ ತಪಾಸಣೆಗಳನ್ನು ಹತ್ತಿರದ ವೈದ್ಯರು ನೋಡಿಕೊಂಡರೆ ತಜ್ಞರ ಸರದಿ ಎಷ್ಟೋ ಹಗುರವಾಗುತ್ತದೆ. ಆದರೆ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ನಿಯಂತ್ರಿತ ಔಷಧ. ತರಬೇತಿ ಕೊಡದೆ ‘ನೀವೇ ನೋಡಿಕೊಳ್ಳಿ’ ಎಂದರೆ ಆ ಹತ್ತಿರದ ವೈದ್ಯರು ಹಿಂಜರಿಯುವುದು ಸಹಜ.

ಬೇರೆ ಉತ್ತರ ಸಿಕ್ಕವರು: ನಾನೂ ಎಡಿಎಚ್‌ಡಿ ಎಂದೇ ನಂಬಿ ಹೋಗಿದ್ದೆ. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಎಂದು ತಿಳಿಯಿತು, ಚಿಕಿತ್ಸೆಯಾದ ಮೇಲೆ ತಲೆ ತಿಳಿಯಾಯಿತು. ಥೈರಾಯ್ಡ್, ನಿದ್ರೆ, ಖಿನ್ನತೆಯ ಬಗ್ಗೆ ವೈದ್ಯರು ಕೇಳಿದರೆ ನಿಮ್ಮನ್ನು ನಂಬುತ್ತಿಲ್ಲವೆಂದು ಭಾವಿಸಬೇಡಿ.

ಇಬ್ಬರು ಮಕ್ಕಳ ತಾಯಿ: ಮೇಲಿನವರ ಮಾತು ನಿಜ, ಆದರೆ ಒಂದಿದ್ದರೆ ಇನ್ನೊಂದು ಇರಬಾರದು ಎಂದೇನಿಲ್ಲ. ನನಗೆ ಎಂಟು ವರ್ಷ ಖಿನ್ನತೆಗೆ ಮಾತ್ರ ಚಿಕಿತ್ಸೆ ಕೊಟ್ಟರು. ತರಗತಿಯಲ್ಲಿ ಗಲಾಟೆ ಮಾಡದ, ಕಿಟಕಿಯಾಚೆ ನೋಡುತ್ತಾ ಕೂರುವ ಹುಡುಗಿಯ ಕಡೆ ಯಾರ ಗಮನವೂ ಹೋಗುವುದಿಲ್ಲ. ಅಂಕಪಟ್ಟಿಯನ್ನೂ ಪೂರ್ತಿ ನಂಬಬೇಡಿ. ನನ್ನ ಅಂಕ ಚೆನ್ನಾಗಿಯೇ ಇತ್ತು, ಏಕೆಂದರೆ ಅಕ್ಕ ಪ್ರತಿ ಸಂಜೆ ಪಕ್ಕದಲ್ಲಿ ಕುಳಿತು ಓದಿಸುತ್ತಿದ್ದಳು. ವೈದ್ಯೆ ‘ಯಾರ ಆಸರೆಯಿಂದ ಪಾಸಾದಿರಿ?’ ಎಂದು ಕೇಳಿದಾಗ ನಾನು ಅಲ್ಲೇ ಅತ್ತುಬಿಟ್ಟೆ. ನಿಮ್ಮ ಹಾಳೆಯಲ್ಲಿ ಆ ಪ್ರಶ್ನೆಗೂ ಜಾಗವಿರಲಿ.

ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ತಮ್ಮನ ಜೊತೆ ಕುಳಿತು ಬರೆಯತೊಡಗಿದೆ. ನನಗೆ ನೆನಪೇ ಇರದ ಹನ್ನೊಂದು ಸಂಗತಿಗಳನ್ನು ಅವನು ಹೇಳಿದ. ಸೋಮವಾರ ಅವನೂ ಜೊತೆಗೆ ಬರುತ್ತಾನೆ. ಶಿಫಾರಸು ಚೀಟಿ ಕೇಳುತ್ತೇವೆ. ಏನಾಯಿತೆಂದು ಬಂದು ಬರೆಯುತ್ತೇನೆ.