ಕಾರಾಪುರದ ಸಾಬುಗೆ ಹಾಲಿವುಡ್ ಅನ್ಯಾಯ ಮಾಡಿತೇ?

ಹಳೇರೀಲು: ನಮ್ಮ ಎಚ್.ಡಿ. ಕೋಟೆ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. 1937ರ ‘ಎಲಿಫೆಂಟ್ ಬಾಯ್’ ಸಿನಿಮಾ ಬಂದದ್ದೇ ತಡ, ಹುಡುಗನ ಹೆಸರು ಜಗತ್ತೆಲ್ಲ ಹಬ್ಬಿತು. 1940ಕ್ಕೆ ‘ದಿ ಥೀಫ್ ಆಫ್ ಬಾಗ್ದಾದ್’, 1942ಕ್ಕೆ ‘ಜಂಗಲ್ ಬುಕ್’. ಅಲ್ಲಿಂದಾಚೆ ಇಳಿಜಾರು. ಹುಡುಗನಾಗಿದ್ದಾಗ ಹೊತ್ತು ಮೆರೆಸಿದರು, ಮೀಸೆ ಬಂದ ಮೇಲೆ ಮೈಬಣ್ಣ ನೋಡಿ ಕೈಬಿಟ್ಟರು ಅಂತ ನನ್ನ ವಾದ.

ಗಾಂಧಿನಗರದ ಗೌಡ: ಒಪ್ಪಲ್ಲ ಸಾರ್. ಬಾಲನಟರ ಹಣೆಬರಹ ಎಲ್ಲ ಕಡೆ ಅಷ್ಟೇ. ಹಾಲಿವುಡ್‌ನ ಹೆಸರಾಂತ ಬಾಲನಟಿ ಶರ್ಲಿ ಟೆಂಪಲ್ ಅಂಥವರೇ 22ನೇ ವಯಸ್ಸಿಗೆ ಸಿನಿಮಾ ಬಿಟ್ಟರು. ಇದರಲ್ಲಿ ಮೈಬಣ್ಣ ಎಲ್ಲಿಂದ ಬಂತು?

ಸುಮಾ: ಗೌಡರೇ, ಶರ್ಲಿಗೆ ಬೆಳೆದ ಮೇಲೂ ನಾಯಕಿಯ ಪಾತ್ರ ಕೊಟ್ಟರು. ಸಾಬುಗೆ? 1942ರ ‘ಅರೇಬಿಯನ್ ನೈಟ್ಸ್’ ತಗೊಳ್ಳಿ. ಕಥೆ ಬಾಗ್ದಾದಿನದು, ಆದರೆ ಖಲೀಫ ಹಾರೂನ್ ಆಗಿದ್ದು ಅಮೆರಿಕದ ಜಾನ್ ಹಾಲ್! ಸಾಬು ಅವನಿಗೆ ಸಹಾಯ ಮಾಡುವ ಹುಡುಗ. ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ ಎರಡರಲ್ಲೂ ಜಾನ್ ಹಾಲ್, ಮರಿಯಾ ಮಾಂಟೆಜ್ ಜೋಡಿ, ಪಕ್ಕದಲ್ಲಿ ಸಾಬು. ಪ್ರೀತಿ ಮಾಡುವ ಹಕ್ಕು ಅವನಿಗಿಲ್ಲ.

ಗಾಂಧಿನಗರದ ಗೌಡ: ಎರಡನೇ ಮಹಾಯುದ್ಧವನ್ನೂ ಲೆಕ್ಕಕ್ಕೆ ತಗೊಳ್ಳಿ. 1944ರಲ್ಲಿ ಅಮೆರಿಕದ ಪೌರನಾದ, ಪೆಸಿಫಿಕ್‌ನಲ್ಲಿ ಬಿ-24 ಬಾಂಬರ್‌ನ ಗನ್ನರ್ ಆಗಿ ಹೋರಾಡಿದ, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಅನ್ನೋ ಸೇನಾ ಪದಕ ಪಡೆದ. ವಾಪಸ್ ಬರೋ ಹೊತ್ತಿಗೆ ಜನರ ಅಭಿರುಚಿಯೇ ಬದಲಾಗಿತ್ತು.

ಸುಮಾ: ದೇಶಕ್ಕಾಗಿ ಹೋರಾಡಿ ಬಂದವನಿಗೆ ಪಾತ್ರ ಕೊಡದೇ ಇದ್ದರು ಅನ್ನೋದು ನನ್ನ ಮಾತಿಗೇ ಬಲ ಅಲ್ವಾ?

ಮಂಡ್ಯದ ಮೇಷ್ಟ್ರು: ಇಬ್ಬರೂ 1947ರ ‘ಬ್ಲ್ಯಾಕ್ ನಾರ್ಸಿಸಸ್’ ಮರೆತಿರಿ. ಅದು ಹಾಲಿವುಡ್‌ನದಲ್ಲ, ಇಂಗ್ಲೆಂಡಿನದು. ಹಿಮಾಲಯದ ಕಾನ್ವೆಂಟಿಗೆ ಓದಲು ಬರುವ ಯುವರಾಜ ಸಾಬು. ರೇಷ್ಮೆ, ಒಡವೆ, ಲಂಡನ್ನಿನ ಅಂಗಡಿಯಿಂದ ತರಿಸಿದ ಸೆಂಟು ಹಾಕಿದ ಕರವಸ್ತ್ರ. ತರಗತಿಯಲ್ಲಿ ಅದರ ಘಮ ಹರಡಿದಾಗ ಸನ್ಯಾಸಿನಿಯರು ಮುಖ ಮುಖ ನೋಡಿಕೊಳ್ಳುತ್ತಾರೆ, ಇವನದು ಮಾತ್ರ ಮಗುವಿನಂಥ ಹೆಮ್ಮೆ. ಎಷ್ಟು ಚೆನ್ನಾಗಿ ಮಾಡಿದ್ದಾನೆ! ಅದೇ ಸಿನಿಮಾದಲ್ಲಿ ಅವನು ಮೆಚ್ಚುವ ಹುಡುಗಿ ಮೈಗೆ ಕಂದುಬಣ್ಣ ಬಳಿದುಕೊಂಡ ಇಂಗ್ಲೆಂಡಿನ ಬಿಳಿಯ ನಟಿ ಜೀನ್ ಸಿಮನ್ಸ್. ಸುಮಾ ಅವರ ಮಾತು ಅಲ್ಲಿಗೂ ಸಲ್ಲುತ್ತದೆ.

ಹಳೇರೀಲು: ಊರಿಗೆ ವಾಪಸ್ ಬಂದು ಇಲ್ಲೇ ನಟಿಸಬಹುದಿತ್ತು ಅಂತ ಕೆಲವರು ಕೇಳ್ತಾರೆ. ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ನಿರ್ದೇಶಕ ಮೆಹಬೂಬ್ ಖಾನ್ ಮೊದಲು ಯೋಚಿಸಿದ್ದು ಸಾಬುವನ್ನೇ. ಅದು ಕೈಗೂಡಲಿಲ್ಲ, ಸುನಿಲ್ ದತ್ ಪಾಲಾಯಿತು. 1963ರ ಡಿಸೆಂಬರಿನಲ್ಲಿ ಹೃದಯಾಘಾತ, ಆಗ ವಯಸ್ಸು 39. ಕೊನೆಯ ಚಿತ್ರ ತೆರೆಗೆ ಬಂದಿದ್ದು ಅವನು ಹೋದ ಮೇಲೆ. ಅದರಲ್ಲೂ ಹುಲಿ ಪಳಗಿಸುವವನ ಪಾತ್ರ. 26 ವರ್ಷ ಕಳೆದರೂ ಪ್ರಾಣಿಯ ಪಕ್ಕದಿಂದ ಅವನನ್ನು ಎಬ್ಬಿಸಲಿಲ್ಲ.

ಗಾಂಧಿನಗರದ ಗೌಡ: ಪಾತ್ರ ಕೊಡಲಿಲ್ಲ ಅನ್ನೋದು ಸರಿ ಅಂತಿಟ್ಟುಕೊಳ್ಳೋಣ. ಆದರೂ ನಾಯಕನಾಗುವ ನಟನೆ ಅವನಲ್ಲಿತ್ತು ಅಂತ ಹೇಗೆ ಹೇಳ್ತೀರಿ? ನಗು, ಚುರುಕು, ಅಷ್ಟೇ ಕಂಡಿದ್ದು.

ಸುಮಾ: ‘ಥೀಫ್ ಆಫ್ ಬಾಗ್ದಾದ್’ನ ಕಡಲತೀರದ ದೃಶ್ಯ ನೋಡಿ. ಸೀಸೆಯಿಂದ ಎದ್ದ ಭೂತ ತುಳಿದು ಸಾಯಿಸ್ತೀನಿ ಅನ್ನುತ್ತೆ. ಇವನು ಹೆದರಿ ನಡುಗುತ್ತಲೇ, ಇಷ್ಟು ದೊಡ್ಡವನು ಈ ಪುಟ್ಟ ಸೀಸೆಯಲ್ಲಿ ಇದ್ದದ್ದು ನಾನು ನಂಬಲ್ಲ ಅಂತ ಅದನ್ನು ಮತ್ತೆ ಒಳಗೆ ಇಳಿಸಿ ಬಿರಡೆ ಹಾಕ್ತಾನೆ. ಅಷ್ಟೆತ್ತರದ ಭೂತ ಎದುರಿಗೆ ನಿಜಕ್ಕೂ ಇರಲಿಲ್ಲ, ಆ ಭಯ, ಆ ಉಪಾಯ ಎರಡೂ ಹದಿನೈದು ಹದಿನಾರರ ಹುಡುಗನ ಕಣ್ಣಲ್ಲಿ ಹುಟ್ಟಬೇಕಿತ್ತು. ನೋಡಿ ಬಂದು ಹೇಳಿ ಗೌಡರೇ, ಕಾಯ್ತೀನಿ.