ರವೆ ಯಾವುದರಿಂದ ಮಾಡುವುದು?

ಕಳೆದ ಬುಧವಾರ ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಪೆರ್ಲದ ಅತ್ತೆ ಒಂದು ಫಾರ್ವರ್ಡ್ ಹಾಕಿದರು. ಕೆಂಪು ಅಕ್ಷರದ ತಲೆಬರಹ: 'ಗೋಧಿ ಎಂಬ ನಿಧಾನ ವಿಷ'. ಕೆಳಗೆ ಎರಡು ಪಟ್ಟಿ. ಬಿಡಬೇಕಾದದ್ದು ಗೋಧಿ, ಮೈದಾ, ಬ್ರೆಡ್ಡು, ಬಿಸ್ಕತ್ತು. ತಿನ್ನಬಹುದಾದದ್ದು ಅಕ್ಕಿ, ರಾಗಿ, ಜೋಳ, ರವೆ, ಓಟ್ಸ್. ಗ್ಲುಟೆನ್ (ಗೋಧಿಯಲ್ಲಿರುವ ಒಂದು ಪ್ರೋಟೀನು) ಬಿಟ್ಟರೆ ಶುಗರು, ಥೈರಾಯ್ಡು, ಮಂಡಿನೋವು ಮೂರೂ ವಾಸಿ ಎಂದು ಕೊನೆಯಲ್ಲಿ ಬರೆದಿತ್ತು. ಜೊತೆಗೆ ಅತ್ತೆಯದೇ ಒಂದು ಸಾಲು: "ನಾನು ಮೊದಲೇ ಹೇಳಿದ್ದೆ, ಯಾರೂ ಕೇಳ್ಲಿಲ್ಲ."

ಗುಂಪಿನಲ್ಲಿ 43 ಜನ ಇದ್ದೇವೆ. ರಾತ್ರಿಯೊಳಗೆ ಇನ್ನೂರಕ್ಕಿಂತ ಜಾಸ್ತಿ ಮೆಸೇಜು ಬಂತು. ಆ ಎರಡನೇ ಪಟ್ಟಿಯಲ್ಲಿ ರವೆ ಇದೆ ಎಂದು ಒಬ್ಬರೂ ಗಮನಿಸಲಿಲ್ಲ. ರವೆ ಅಂದ್ರೆ ಗೋಧಿಯೇ ಅಲ್ವಾ?

ನನಗೆ ಇದು ಸಣ್ಣ ವಿಷಯ ಅಲ್ಲ. ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ಅವಳ ದೇಹ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಊಟದ ಸಾರ ಹೀರಿಕೊಳ್ಳುವ ಒಳಪದರ ಸವೆದುಹೋಗುತ್ತದೆ. ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಅವಳಿಗೆ ಎರಡು ವರ್ಷ ಕಬ್ಬಿಣದ ಟಾನಿಕ್ಕು ಕುಡಿಸಿದೆವು, ಹುಳದ ಮದ್ದು ಕೊಟ್ಟೆವು. ರಕ್ತ ಏರಲಿಲ್ಲ. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ, ಹೊಟ್ಟೆ ಮಾತ್ರ ಉಬ್ಬಿಕೊಂಡಿರುತ್ತಿತ್ತು. ಕೊನೆಗೆ ಮಂಗಳೂರಿನಲ್ಲಿ ಒಬ್ಬರು ಡಾಕ್ಟರು ಟಿಟಿಜಿ ಎಂಬ ರಕ್ತಪರೀಕ್ಷೆ ಬರೆದರು. ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಸಣ್ಣ ಚೂರು ತೆಗೆದು ನೋಡಿದರು. ಮೂರೂವರೆ ವರ್ಷದ ಹಿಂದೆ ಗೊತ್ತಾಯಿತು. ಇದಕ್ಕೆ ಮಾತ್ರೆ ಇಲ್ಲ. ಬದುಕಿಡೀ ಗ್ಲುಟೆನ್ ಮುಟ್ಟದಿರುವುದೇ ಮದ್ದು.

ಈಗ ಗುಂಪಿನ ಕಥೆಗೆ ಬರುತ್ತೇನೆ.

ಮೊದಲು ಬಂದದ್ದು ಬೆಂಗಳೂರಿನ ಬಾವ. "ಇದರ ಮೂಲ ಎಲ್ಲಿ? ಯಾರು ಬರೆದದ್ದು? ಸುಮ್ನೆ ಬಂದದ್ದೆಲ್ಲಾ ಫಾರ್ವರ್ಡ್ ಮಾಡಬೇಡಿ." ಅತ್ತೆ ಬರೆದರು: "ನಮ್ಮ ಯೋಗದ ಟೀಚರು ಕಳಿಸಿದ್ದು. ಎಲ್ಲಾ ನಿನಗೆ ಮಾತ್ರ ಗೊತ್ತಿರುವುದಾ?" ಅಲ್ಲಿಗೆ ಗೋಧಿ ಬದಿಗೆ ಹೋಯಿತು. ಕೊರೊನಾ ಕಾಲದಲ್ಲಿ ಅತ್ತೆ ಕಳಿಸಿದ ಕಷಾಯದ ಮೆಸೇಜಿಗೆ ಬಾವ ಏನು ಹೇಳಿದ್ದರು, ಅದಕ್ಕೆ ಮಾವ ಎಷ್ಟು ಬೇಸರ ಮಾಡಿಕೊಂಡಿದ್ದರು ಎಂಬ ಲೆಕ್ಕ ಶುರುವಾಯಿತು.

ನೀರ್ಚಾಲಿನ ದೊಡ್ಡಪ್ಪ ಹನ್ನೊಂದು ಗಂಟೆಗೆ ಬಂದರು. ಅವರು ಉದ್ದ ಬರೆಯುತ್ತಾರೆ, ಅಕ್ಷರ ತಪ್ಪು ಒಂದೂ ಇರುವುದಿಲ್ಲ. "ಎಲೆಯಲ್ಲಿ ಬಡಿಸಿದ್ದನ್ನು ದೂರಬಾರದು. ಹಿಂದೆ ಯಾರಿಗಿತ್ತು ಈ ರೋಗ? ಹಸಿವೆ ಇದ್ದವನಿಗೆ ಪಥ್ಯ ನೆನಪಾಗುವುದಿಲ್ಲ. ಈಗಿನವರಿಗೆ ಎಲ್ಲಾ ಜಾಸ್ತಿ ಆಗಿದೆ." ಹದಿನೈದು ಜನ ಕೈಮುಗಿದರು.

ಹಿಂದೆ ಇತ್ತು. ನಾನು ಅಲ್ಲೇ ಬರೆದೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ಡಿಗೂ ಗತಿ ಇರಲಿಲ್ಲ. ಊರಿಗೆ ಊರೇ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದ ಮೇಲೆ ಪುನಃ ಮಲಗಿದರು. ವಿಲ್ಲೆಮ್ ಡಿಕ್ಕೆ ಎಂಬ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲೇ ಸಂಶಯ ಇತ್ತು, ಅದು ಗಟ್ಟಿಯಾಯಿತು. 1950ರಲ್ಲಿ ಅವರು ಅದನ್ನೇ ಪ್ರಬಂಧವಾಗಿ ಬರೆದರು. ಅದಕ್ಕೆ ಮೊದಲು ಇಂಥ ಮಕ್ಕಳು ಯಾಕೆ ಸೊರಗುತ್ತಾರೆ ಎಂದು ತಿಳಿಯದೆ ಎಷ್ಟೋ ಮಕ್ಕಳು ತೀರಿಕೊಂಡದ್ದುಂಟು. ಇಷ್ಟು ಟೈಪ್ ಮಾಡಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಕಳಿಸುವಷ್ಟರಲ್ಲಿ ಗುಂಪು ಎಲ್ಲಿಗೋ ಹೋಗಿತ್ತು.

ಮುಂಬೈಯ ಅಣ್ಣ ಅಜ್ಜನ ಮನೆಯ ಸೇಮಿಗೆ ಮಣೆ, ಅಂದ್ರೆ ಅಕ್ಕಿ ಶ್ಯಾವಿಗೆ ಒತ್ತುವ ಮಣೆ, ನೆನಪು ಮಾಡಿದ್ದರು. "ಗೋಧಿ ಎಲ್ಲಿತ್ತು ಮಾರಾಯ್ರೇ ಆಗ? ಬೆಳಿಗ್ಗೆ ನೀರುದೋಸೆ, ಹಲಸಿನ ಕಾಲದಲ್ಲಿ ಕೊಟ್ಟಿಗೆ, ಮಳೆಗಾಲದಲ್ಲಿ ಪತ್ರೊಡೆ. ಸೇಮಿಗೆ ಒತ್ತುವಾಗ ಮಣೆಯ ಮೇಲೆ ನಾವು ಮೂವರು ನೇತಾಡಬೇಕಿತ್ತು, ನೆನಪುಂಟಾ?" ಎಲ್ಲರಿಗೂ ನೆನಪಿತ್ತು. ಯಾರ ಬೆರಳು ಸಿಕ್ಕಿಬಿತ್ತು, ಕಾಯಿಹಾಲಿಗೆ ಬೆಲ್ಲ ಜಾಸ್ತಿ ಹಾಕಿದ್ದು ಯಾರು ಎಂದು ಅರುವತ್ತು ಮೆಸೇಜು. ಆಮೇಲೆ ಚಿಕ್ಕಮ್ಮ ಕೇಳಿಯೇಬಿಟ್ಟರು: "ಆ ಮಣೆ ಈಗ ಯಾರ ಮನೆಯಲ್ಲಿ ಉಂಟು?" ಪಾಲಾದಾಗ ಅದು ಅವರಿಗೆ ಬರಬೇಕಿತ್ತಂತೆ. ಒಂದು ಗಂಟೆ ಗುಂಪು ಬಿಸಿಯಾಗಿತ್ತು.

ಆದರೆ ಅಣ್ಣ ಹೇಳಿದ್ದರಲ್ಲಿ ನನಗೆ ಬೇಕಾದದ್ದು ಇತ್ತು. ನಮ್ಮ ಊರಿನ ಅಡುಗೆ ಅಕ್ಕಿಯದು. ದೋಸೆ, ಪುಂಡಿ, ಕಡುಬು, ಪತ್ತಿರಿ, ಒತ್ತು ಸೇಮಿಗೆ ಎಲ್ಲವನ್ನೂ ನನ್ನ ಮಗಳು ಹೊಟ್ಟೆ ತುಂಬಾ ತಿನ್ನಬಹುದು. ತೊಂದರೆ ಇರುವುದು ಗೋಧಿ ಎಂದು ಹೆಸರು ಹೇಳಿಕೊಳ್ಳದ ಗೋಧಿಯಲ್ಲಿ. ಅಂಗಡಿಯ ಪ್ಯಾಕೆಟ್ ಶ್ಯಾವಿಗೆ ನಮ್ಮ ಸೇಮಿಗೆ ಅಲ್ಲ, ಸಾಮಾನ್ಯವಾಗಿ ಅದು ಗೋಧಿಯದು. ಗೋಳಿಬಜೆ ಮೈದಾ. ಅದನ್ನು ಕರಿದ ಎಣ್ಣೆಯಲ್ಲೇ ಹಲಸಿನ ಹಪ್ಪಳ ಹುರಿದರೆ ಹಪ್ಪಳವೂ ಅವಳಿಗೆ ಆಗುವುದಿಲ್ಲ. ಹೋಟೆಲಿನಲ್ಲಿ ಪೊರೋಟ ಬೇಯಿಸಿದ ಕಾವಲಿಗೆ ದೋಸೆ ಹುಯ್ದರೆ ದೋಸೆಯೂ ಹೋಯಿತು. ಗೋಬಿಗೆ ಹಾಕುವ ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಉಂಟು. ಹಾಲಿಗೆ ಬೆರೆಸುವ ಮಾಲ್ಟ್ ಪುಡಿ ಹೆಚ್ಚಾಗಿ ಬಾರ್ಲಿಯದು. ಓಟ್ಸಿನಲ್ಲಿ ಗೋಧಿ ಇಲ್ಲ, ಆದರೆ ಗೋಧಿಯ ಜೊತೆಗೇ ಬೆಳೆದು, ಗೋಧಿಯ ಯಂತ್ರದಲ್ಲೇ ಹಾದು ಬರುವುದೇ ಜಾಸ್ತಿ. ಅಕ್ಕಿ ಹಿಟ್ಟು ಕೂಡ ಹಾಗೇ. ಮಿಲ್ಲಿನಲ್ಲಿ ನಮ್ಮ ಮುಂದೆ ನಿಂತವರು ಗೋಧಿ ಹುಡಿ ಮಾಡಿಸಿದ್ದರೆ, ಆ ಯಂತ್ರದಲ್ಲಿ ಉಳಿದದ್ದು ನಮ್ಮ ಚೀಲಕ್ಕೆ ಬೀಳುತ್ತದೆ.

ಎಲ್ಲಕ್ಕಿಂತ ಮೋಸ ಇಂಗಿನದು. ಸಾರಿಗೆ ಚಿಟಿಕೆ ಹಾಕುವ ಆ ಸಣ್ಣ ಡಬ್ಬಿಯನ್ನು ತಿರುಗಿಸಿ ನೋಡಿ. ಬೆರಳಿನ ಉಗುರಿನಷ್ಟು ಜಾಗದಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಒಳಗೆ ಏನೇನಿದೆ ಎಂದು ಬರೆದಿರುತ್ತದೆ. ನಮ್ಮ ಮನೆಯ ಡಬ್ಬಿಯಲ್ಲಿ ಅಂಟು, ಇಂಗು, ಮಧ್ಯದಲ್ಲಿ ಮೈದಾ ಎಂದಿತ್ತು. ಅಚ್ಚ ಇಂಗು ತುಂಬಾ ಘಾಟು, ಹಾಗಾಗಿ ಹಿಟ್ಟು ಬೆರೆಸಿ ಮಾರುತ್ತಾರೆ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಹುಡುಕಬೇಕು. ನಮ್ಮಲ್ಲಿ ಗ್ಲುಟೆನ್ ಮುಕ್ತ ಎಂದು ಪ್ಯಾಕೆಟಿನ ಮೇಲೆ ಅಚ್ಚು ಹಾಕಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂದು ಕಾನೂನು ಇದೆ. 20 ಮಿಲಿಗ್ರಾಂ ಅಂದ್ರೆ ಒಂದು ಚಿಟಿಕೆಗಿಂತಲೂ ಎಷ್ಟೋ ಕಡಿಮೆ, ಅಷ್ಟೇ.

ಇದನ್ನೆಲ್ಲ ನಾನು ಗುಂಪಿನಲ್ಲಿ ಬರೆಯಬೇಕಿತ್ತು. ಬರೆಯಲಿಲ್ಲ. ಅಷ್ಟರಲ್ಲಿ ಬಾವ ಒಂದು ಅಧ್ಯಯನ ಹಾಕಿದರು. 2016ರದ್ದು, ಭಾರತದಲ್ಲೇ ನಡೆದದ್ದು, ಅಂಕಿ ಸರಿಯಾಗಿಯೇ ಇತ್ತು. ಸೀಲಿಯಾಕ್ ಉತ್ತರದಲ್ಲಿ ಶೇಕಡಾ 1.23, ದಕ್ಷಿಣದಲ್ಲಿ ಶೇಕಡಾ 0.10. ಕೆಳಗೆ ಬರೆದಿದ್ದರು: "ಅಂದ್ರೆ ನಮ್ಮ ಕಡೆ ಸಾವಿರಕ್ಕೆ ಒಬ್ಬರು. ಈ ಗುಂಪಿನಲ್ಲಿ ಯಾರಿಗೂ ಸಂಬಂಧ ಇಲ್ಲದ ವಿಷಯ."

ನಾನು ಎರಡು ಸಲ ಓದಿದೆ. ಆ ಸಾವಿರಕ್ಕೆ ಒಬ್ಬಳು ನನ್ನ ಮಗಳು. ಬಾವನಿಗೆ ಅದು ಗೊತ್ತು. ಆಸ್ಪತ್ರೆಗೆ ಹಣ್ಣು ಹಿಡಿದುಕೊಂಡು ಬಂದವರು. ಆದರೂ ವಾದ ಮಾಡುವ ಹೊತ್ತಿಗೆ ಮರೆತುಹೋಯಿತು.

ಆಗ ನಾನು ತಡೆದುಕೊಳ್ಳಲಿಲ್ಲ. ಮೂರು ವರ್ಷದಿಂದ ಒಳಗೆ ಇಟ್ಟುಕೊಂಡದ್ದನ್ನು ಗುಂಪಿನಲ್ಲೇ ಬರೆದೆ.

ಮೂರು ವರ್ಷದ ಹಿಂದೆ ನೀರ್ಚಾಲಿನಲ್ಲಿ ಸತ್ಯನಾರಾಯಣ ಪೂಜೆ. ಮಂಗಳಾರತಿ ಆಗಿ ಪ್ರಸಾದ ಹಂಚುತ್ತಿದ್ದರು. ಸಪಾದ ಭಕ್ಷ್ಯ, ರವೆಯದು. ನಾನು ಒಳಗೆ ಎಲೆ ತೊಳೆಯುತ್ತಿದ್ದೆ. ಹೊರಗೆ ಬಂದಾಗ ಮಗಳ ಅಂಗೈಯಲ್ಲಿ ಒಂದು ಉಂಡೆ ಇತ್ತು. ತಿನ್ನಬಾರದೆಂದು ಅವಳಿಗೆ ಗೊತ್ತು, ಚೆಲ್ಲಬಾರದೆಂದೂ ಗೊತ್ತು. ಬೆರಳು ಮಡಚದೆ, ಕೈ ಚಾಚಿದ ಹಾಗೇ ನನ್ನನ್ನು ಹುಡುಕುತ್ತಾ ನಿಂತಿದ್ದಳು. ತುಪ್ಪ ಬೆರಳ ಸಂದಿನಿಂದ ಇಳಿದು ಮುಂಗೈಯ ಬಳೆಗೆ ತಾಗಿತ್ತು. ಪೆರ್ಲದ ಅತ್ತೆ ಪಕ್ಕದಲ್ಲೇ ಇದ್ದರು. "ಚಿಟಿಕೆ ತಿಂದ್ರೆ ಎಂತ ಆಗ್ತದೆ? ದೇವರ ಪ್ರಸಾದ ಅಲ್ವಾ? ನಿನ್ನ ಅಮ್ಮನದ್ದು ಅತಿಯಾಯ್ತು" ಎಂದು ಎಲ್ಲರೆದುರು ಹೇಳಿದರು. ದೊಡ್ಡಪ್ಪ ಆ ದಿನ ನನ್ನ ಜೊತೆ ಮಾತಾಡಲಿಲ್ಲ.

ನಾನು ಬರೆದದ್ದು ಇಷ್ಟೇ: "ಅತ್ತೇ, ಗೋಧಿ ಎಲ್ಲರಿಗೂ ವಿಷ ಎಂದು ಇವತ್ತು ಹೇಳ್ತಿದ್ದೀರಿ. ನಿಜವಾಗಿ ವಿಷ ಆಗುವ ಮಗುವಿಗೆ ಆವತ್ತು ಚಿಟಿಕೆ ತಿನ್ನು ಎಂದಿರಿ. ನೀವು ಕಳಿಸಿದ ಪಟ್ಟಿಯಲ್ಲಿ ರವೆ ತಿನ್ನಬಹುದು ಎಂದು ಉಂಟು. ರವೆ ಯಾವುದರಿಂದ ಮಾಡುವುದು?"

ಹತ್ತು ನಿಮಿಷ ಯಾರೂ ಬರೆಯಲಿಲ್ಲ. ಅತ್ತೆ ಗುಂಪು ಬಿಟ್ಟರು. ಹಿರಿಯರಿಗೆ ಹೀಗೆ ಹೇಳಬಾರದಿತ್ತು ಎಂದು ಮೂವರು ಬರೆದರು, ಹೇಳಿದ್ದರಲ್ಲಿ ತಪ್ಪೇನು ಎಂದು ಇಬ್ಬರು. ರವೆಯ ಪ್ರಶ್ನೆಗೆ ಆಗಲೂ ಯಾರೂ ಉತ್ತರ ಕೊಡಲಿಲ್ಲ. ಬಾವ ಮಾತ್ರ ನನಗೆ ಬೇರೆಯೇ ಕಳಿಸಿದರು: "ಸಾರಿ. ತಲೆಗೇ ಹೋಗ್ಲಿಲ್ಲ."

ಸಂಜೆ ನಾನೇ ಅತ್ತೆಗೆ ಫೋನ್ ಮಾಡಿದೆ. ಅವರು ಅಳುತ್ತಿದ್ದರು. ಮೆಟ್ಟಿಲು ಹತ್ತಲು ಆಗುವುದಿಲ್ಲವಂತೆ, ರಾತ್ರಿ ಮಂಡಿ ನೋವಿಗೆ ನಿದ್ದೆ ಇಲ್ಲವಂತೆ. ಆ ಮೆಸೇಜಿನಲ್ಲಿ ಮಂಡಿನೋವು ಎಂಬ ಒಂದು ಪದ ಕಂಡಿತು, ಉಳಿದದ್ದು ಓದಲಿಲ್ಲ ಎಂದರು. ನನಗೆ ಹೊಟ್ಟೆ ಚುರ್ ಎಂದಿತು. ಮೂರು ವಾರದಿಂದ ಚಪಾತಿ ಬಿಟ್ಟು ರಾತ್ರಿ ಉಪ್ಪಿಟ್ಟು ತಿನ್ನುತ್ತಿದ್ದರಂತೆ. ಉಪ್ಪಿಟ್ಟೂ ಗೋಧಿಯೇ ಅತ್ತೇ ಎಂದೆ. ಸೀಲಿಯಾಕ್ ಇದೆ ಎಂಬ ಸಂಶಯ ಇದ್ದರೆ ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು ಎಂದೂ ಹೇಳಿದೆ. ಗೋಧಿ ಬಿಟ್ಟ ಮಾತ್ರಕ್ಕೆ ಶುಗರು ಹೋಗುವುದಿಲ್ಲ, ಮಂಡಿಗೆ ಮೂಳೆ ಡಾಕ್ಟರಿಗೇ ತೋರಿಸೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಗುಂಪಿಗೆ ಅವರನ್ನು ಅಣ್ಣ ಮತ್ತೆ ಸೇರಿಸಿದರು.

ಇನ್ನೊಂದು ಉಳಿದಿತ್ತು. ಬರುವ ಭಾನುವಾರ ನೀರ್ಚಾಲಿನಲ್ಲಿ ಮತ್ತೆ ಸತ್ಯನಾರಾಯಣ ಪೂಜೆ. ದೊಡ್ಡಪ್ಪನಿಗೆ ಕಥೆ ಬಾಯಿಪಾಠ. ನಾನು ಗುಂಪಿನಲ್ಲೇ ಕೇಳಿದೆ: "ದೊಡ್ಡಪ್ಪಾ, ಮೊದಲ ಅಧ್ಯಾಯದಲ್ಲಿ ಪ್ರಸಾದಕ್ಕೆ ಗೋಧಿಯ ಹಿಟ್ಟು, ಅದಕ್ಕೆ ಅಭಾವ ಆದರೆ ಅಕ್ಕಿಯ ಹಿಟ್ಟು ಎಂದು ಉಂಟಲ್ವಾ?"

ಎರಡು ಗಂಟೆ ಕಳೆದು ಉತ್ತರ ಬಂತು. "ಉಂಟು. ಆದರೆ ನಮಗೆ ಗೋಧಿಗೆ ಅಭಾವ ಇಲ್ಲವಲ್ಲ."

"ಅವಳಿಗೆ ಉಂಟು ದೊಡ್ಡಪ್ಪಾ. ಇನ್ನು ಯಾವತ್ತೂ ಉಂಟು."

ಅವರು ಓದಿದ್ದು ಕಂಡಿತು. ಮತ್ತೇನೂ ಬರೆಯಲಿಲ್ಲ.

ರಾತ್ರಿ ಒಂಬತ್ತೂವರೆಗೆ ದೊಡ್ಡಮ್ಮನ ವಾಯ್ಸ್ ಮೆಸೇಜು ಬಂತು. ಅವರು ಗುಂಪಿನಲ್ಲಿ ಮಾತಾಡಿದ್ದೇ ನಾನು ಕೇಳಿಲ್ಲ. ಹಿಂದೆ ಪಾತ್ರೆ ತೊಳೆಯುವ ಸದ್ದು ಇತ್ತು. "ಕೇಳಿಸ್ತಾ? ಅಕ್ಕಿಯದ್ದೇ ಮಾಡುವ ಎಂದು ಹೇಳಿದ್ರು. ನಾನು ಮಿಲ್ಲಿಗೆ ಕೊಡುವುದಿಲ್ಲ, ಮಿಕ್ಸಿಯಲ್ಲಿ ಹುಡಿ ಮಾಡ್ತೇನೆ. ಸೇಮಿಗೆ ಮಣೆ ಇಲ್ಲೇ ಅಟ್ಟದಲ್ಲಿ ಉಂಟು, ಚಿಕ್ಕಮ್ಮನಿಗೆ ಹೇಳು, ಪೂಜೆ ಕಳೆದು ತಗೊಂಡು ಹೋಗ್ಲಿ. ನೀನು ಶನಿವಾರವೇ ಬಾ, ಒತ್ತಲಿಕ್ಕೆ ಜನ ಬೇಕು. ಮತ್ತೆ ಸಾಂಬಾರಿಗೆ ಇಂಗು ಯಾವುದು ಹಾಕ್ಲಿ? ಇಲ್ಲಿರುವುದರಲ್ಲಿ ಎಂತ ಬರೆದದ್ದು ಎಂದು ನನಗೆ ಕಾಣುವುದಿಲ್ಲ, ಫೋಟೋ ಕಳಿಸ್ತೇನೆ, ನೀನು ಓದಿ ಹೇಳು."

ಫೋಟೋ ಅಲುಗಾಡಿ ಮಸುಕಾಗಿತ್ತು. ದೊಡ್ಡದು ಮಾಡಿ ಓದಿದೆ. ಮೈದಾ ಇತ್ತು. ಅದನ್ನು ಹಾಕಬೇಡಿ ದೊಡ್ಡಮ್ಮ, ನಮ್ಮ ಮನೆಯ ಡಬ್ಬಿ ತರುತ್ತೇನೆ ಎಂದು ಬರೆದೆ.