ಸರ್ಫ್ ರಾಕ್ ಗಿಟಾರ್ ಶುರು ಮಾಡಿದ್ದೇನೆ, ಬಲಗೈ ಕೇಳುತ್ತಿಲ್ಲ. ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಅಕೌಸ್ಟಿಕ್‌ನಲ್ಲಿ ಸಿನಿಮಾ ಹಾಡುಗಳ ಕಾರ್ಡ್ಸ್ ನುಡಿಸುತ್ತಿದ್ದೆ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಒಂದು ತಗೊಂಡೆ. ಕಾರಣ ಡಿಕ್ ಡೇಲ್, ಸರ್ಫ್ ರಾಕ್ ಅನ್ನೋ 1960ರ ದಶಕದ ಅಮೆರಿಕದ ಗಿಟಾರ್ ಸಂಗೀತದ ದೊಡ್ಡ ವಾದಕ. 1962ರಲ್ಲಿ ಅವರು ನುಡಿಸಿದ 'ಮಿಸಿರ್ಲೂ' ಕೇಳಿದ ಮೇಲೆ ತಲೆಯಲ್ಲಿ ಬೇರೇನೂ ಓಡುತ್ತಿಲ್ಲ.

ತಮಾಷೆ ಅಂದ್ರೆ, ಪೂರ್ವ ಮೆಡಿಟರೇನಿಯನ್ ಕಡೆಯ ಆ ಹಳೇ ಧಾಟಿಯ ಸ್ವರಗಳು ಹೆಚ್ಚುಕಡಿಮೆ ನಮ್ಮ ಮಾಯಾಮಾಳವಗೌಳವೇ! ಚಿಕ್ಕಂದಿನಲ್ಲಿ ಅಳುತ್ತಾ ಕಲಿತ ಸರಳೆ ವರಸೆ ಈಗ ಕೆಲಸಕ್ಕೆ ಬಂತು. ಎಡಗೈಗೆ ತೊಂದರೆ ಇಲ್ಲ.

ಬಲಗೈ ಮಾತ್ರ ಸೋಲುತ್ತಿದೆ. ದಪ್ಪ ತಂತಿಯ ಮೇಲೆ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಕೆಳಗೆ-ಮೇಲೆ ಎಡೆಬಿಡದೆ ಓಡಬೇಕು ಅಲ್ವಾ? ಮೆಟ್ರೊನೋಮ್ 120ಕ್ಕಿಟ್ಟು ಬೀಟಿಗೆ ನಾಲ್ಕು ಹೊಡೆತ ಹೊಡೆದರೆ ಅರ್ಧ ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ. ಬೆವರಿಗೆ ಪಿಕ್ ಜಾರುತ್ತದೆ. ಮೊನ್ನೆ ಹಾರಿ ಅಮ್ಮನ ಕಾಫಿ ಲೋಟಕ್ಕೇ ಬಿತ್ತು. ಮಣಿಕಟ್ಟಿನಿಂದ ಮಾತ್ರ ಆಡಿಸಬೇಕಾ, ಮೊಣಕೈಯಿಂದಲಾ?

ಇನ್ನೊಂದು, ತಂತಿ. ಡೇಲ್ ತುಂಬಾ ದಪ್ಪ ತಂತಿ ಹಾಕುತ್ತಿದ್ದರಂತೆ. ನನ್ನದರಲ್ಲಿ 09 ಸೆಟ್ (ಅತಿ ತೆಳು ತಂತಿ 0.009 ಇಂಚು ದಪ್ಪ) ಇದೆ. 11ಕ್ಕೆ ಹೋದರೆ ಗಿಟಾರ್ ಸೆಟಪ್ ಮತ್ತೆ ಮಾಡಿಸಬೇಕಾ?

ಆಮೇಲೆ ಆ ತೊಟ್ಟಿಕ್ಕುವ ಸದ್ದು. ಫೆಂಡರ್ 1961ರಲ್ಲಿ ತಂದ ಸ್ಪ್ರಿಂಗ್ ರಿವರ್ಬ್ ಡಬ್ಬ (ಸ್ಪ್ರಿಂಗ್ ಮೂಲಕ ಸದ್ದಿಗೆ ಪ್ರತಿಧ್ವನಿ ಕೊಡುವ ಸಾಧನ) ನನ್ನ ಜೇಬಿಗೆ ಆಗಿಬರುವುದಲ್ಲ. ಪುಟ್ಟ ಪ್ರಾಕ್ಟೀಸ್ ಆಂಪ್ ಜೊತೆ ಡಿಜಿಟಲ್ ಪೆಡಲ್ ಸಾಕಾಗುತ್ತಾ? ಐದು ಸಾವಿರದೊಳಗೆ ಯಾವುದಾದರೂ ಇದ್ದರೆ ಹೇಳಿ.

ಸುಮ್ನೆ 'ಮಿಸಿರ್ಲೂ' ಜೊತೆ ಗುದ್ದಾಡುವ ಬದಲು ಅದೇ ಕಾಲದ ಅಮೆರಿಕದ ಗಿಟಾರ್ ತಂಡ ವೆಂಚರ್ಸ್‌ನ ಟ್ಯೂನ್‌ಗಳಿಂದ ಶುರು ಮಾಡಲಾ? ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಕೆಳಗಿನ ಮನೆಯವರು ಈಗಾಗಲೇ ಎರಡು ಸಲ ಬಾಗಿಲು ತಟ್ಟಿದ್ದಾರೆ.